ಚಂಬಲ್ ಕೊರಕಲುಗಳಿಗೆ ಹೊಣೆ ಯಾರು?

2008ರ ಆಗಸ್ಟ್ 18ರಂದು ನೇಪಾಳದ ಕುಸಹಾ ಎಂಬಲ್ಲಿ ಕೋಸಿ ನದಿ ಒಡ್ಡು ಒಡೆದು ಹೊರನುಗ್ಗಿತು. ಹರಿಯುತ್ತಿದ್ದ ಪಾತ್ರವನ್ನು ಬಿಟ್ಟು ಸುಮಾರು 120 ಕಿಲೋಮೀಟರ್ ಪೂರ್ವಕ್ಕೆ ಸರಿದು, ಎಂದೋ ತೊರೆದಿದ್ದ ಹಳೆಯ ಹಾದಿಗಳಲ್ಲಿ ಹರಿಯತೊಡಗಿತು. ಬಿಹಾರದ ಸುಪೌಲ್, ಮಧೇಪುರ, ಅರರಿಯಾ ಕಡೆಯ ಲಕ್ಷಾಂತರ ಜನ ಮನೆಮಠ ಬಿಟ್ಟು ಓಡಿದರು. ಒಡ್ಡಿನ ಉಸ್ತುವಾರಿಯಲ್ಲಿ ಲೋಪ ಇದ್ದದ್ದು ನಿಜ. ಆದರೆ ನದಿಯ ಪಾತ್ರವೇ ಅಲ್ಲಿ ಸುತ್ತಲ ಹೊಲಗಳಿಗಿಂತ ಎತ್ತರಕ್ಕೆ ಬಂದಿತ್ತು ಎಂಬುದೂ ಅಷ್ಟೇ ನಿಜ. ಹಿಮಾಲಯದಿಂದ ಹೊತ್ತು ತಂದ ಹೂಳನ್ನು ವರ್ಷದಿಂದ ವರ್ಷಕ್ಕೆ ತನ್ನ ಪಾತ್ರದಲ್ಲೇ ಸುರಿದುಕೊಳ್ಳುತ್ತ ಕೋಸಿ ಮೇಲೇರಿ ಕೂತಿತ್ತು.

ಅದೇ ಗಂಗಾ ಬಯಲಿನ ನೈಋತ್ಯ ಅಂಚಿಗೆ ಬಂದರೆ ಎಲ್ಲವೂ ತಲೆಕೆಳಗು. ಮಧ್ಯಪ್ರದೇಶದ ಮೊರೆನಾ, ಭಿಂಡ್, ರಾಜಸ್ಥಾನದ ಧೋಲ್‌ಪುರ, ಕರೌಲಿ, ಉತ್ತರಪ್ರದೇಶದ ಆಗ್ರಾ, ಇಟಾವಾ ಜಿಲ್ಲೆಗಳಲ್ಲಿ ಚಂಬಲ್ ನದಿ ಹೊಲದ ಮಟ್ಟದಿಂದ ಎಷ್ಟೋ ಕೆಳಗೆ, ಕೆಲವು ಕಡೆ 60 ಮೀಟರಿಗೂ ಹೆಚ್ಚು ಆಳದಲ್ಲಿ ಹರಿಯುತ್ತದೆ. ದಂಡೆಯಿಂದ ಊರಿನ ಕಡೆಗೆ ಕಿಲೋಮೀಟರುಗಟ್ಟಲೆ ನೆಲ ಸೀಳಿಹೋಗಿದೆ. ಒಂದು ಕೊರಕಲಿನಿಂದ ಇನ್ನೊಂದು, ಅದರಿಂದ ಮತ್ತೊಂದು ಕವಲೊಡೆದು, ನಡುವೆ ಕತ್ತಿಯಲಗಿನಷ್ಟು ಕಿರಿದಾದ ಮಣ್ಣಿನ ದಿಬ್ಬಗಳು ನಿಂತಿವೆ. ಆ ಸೀಮೆಯವರು ಇದನ್ನು ಬೀಹಡ ಎನ್ನುತ್ತಾರೆ. ದೇಶದಲ್ಲಿ ಇಂಥ ಕೊರಕಲು ನೆಲ ಒಟ್ಟು ಸುಮಾರು 40 ಲಕ್ಷ ಹೆಕ್ಟೇರ್ ಇದೆಯೆಂದು ಹಳೆಯ ಸರ್ಕಾರಿ ಅಂದಾಜುಗಳು ಹೇಳುತ್ತವೆ. ಅದರಲ್ಲಿ ಅತಿ ಭೀಕರವಾದುದು ಚಂಬಲ್ ಮತ್ತು ಕೆಳ ಯಮುನೆಯ ದಂಡೆಗಳದು.

ಈ ನೆಲ ಹೀಗೇಕಾಯಿತು ಎಂದು ಕೇಳಿದರೆ ಸಿದ್ಧ ಉತ್ತರವೊಂದಿದೆ. ಜನ ಕಾಡು ಕಡಿದರು, ಆಡು-ದನಗಳನ್ನು ಮಿತಿಮೀರಿ ಮೇಯಿಸಿದರು, ಇಳಿಜಾರನ್ನು ಉತ್ತರು, ಬದು ಹಾಕಲಿಲ್ಲ, ಮಳೆ ಮಣ್ಣನ್ನು ಕೊಚ್ಚಿಕೊಂಡು ಹೋಯಿತು. ಶಾಲೆಯ ಭೂಗೋಳ ಪುಸ್ತಕದಿಂದ ಹಿಡಿದು ಯೋಜನಾ ವರದಿಗಳ ತನಕ ಬಹುಪಾಲು ಇದೇ ಧಾಟಿ. ಇದರಲ್ಲಿ ಸುಳ್ಳು ಕಡಿಮೆ. ಆದರೆ ಇದು ಅರ್ಧ ನಿಜ, ಮತ್ತು ಈ ಅರ್ಧ ನಿಜದ ಮೇಲೆ ನಿಂತ ಯೋಜನೆಗಳಿಂದ ಬಡವರ ನೆಲಕ್ಕೂ ನದಿಗೂ ಕೇಡಾಗುತ್ತದೆ ಎಂಬುದು ನನ್ನ ವಾದ. ಕೊರಕಲಿನ ಬೇರು ರೈತನ ನೇಗಿಲಿಗಿಂತ ಬಹಳ ಆಳದಲ್ಲಿದೆ.

ಸಿದ್ಧ ಉತ್ತರವನ್ನು ಪರೀಕ್ಷಿಸಲು ಕೋಸಿ-ಚಂಬಲ್ ಹೋಲಿಕೆಯೇ ಸಾಕು. 2011ರ ಜನಗಣತಿಯಂತೆ ಬಿಹಾರದಲ್ಲಿ ಚದರ ಕಿಲೋಮೀಟರಿಗೆ 1,100ಕ್ಕೂ ಹೆಚ್ಚು ಜನರಿದ್ದರು. ಮೊರೆನಾ, ಭಿಂಡ್ ಜಿಲ್ಲೆಗಳಲ್ಲಿ 400ರ ಆಸುಪಾಸು. ಮಳೆ ಬಿಹಾರದಲ್ಲೇ ಹೆಚ್ಚು. ಕಾಡು ಅಲ್ಲಿ ಉಳಿದಿರುವುದೂ ಕಡಿಮೆ. ನೆಲ ಎರಡೂ ಕಡೆ ನದಿಗಳು ತಂದು ಹಾಸಿದ ಮೆಕ್ಕಲು ಮಣ್ಣು. ಮಂದಿ, ಮಳೆ, ಕೊಡಲಿ ಇವಿಷ್ಟೇ ಕಾರಣಗಳಾಗಿದ್ದರೆ ಉತ್ತರ ಬಿಹಾರ ಇಷ್ಟು ಹೊತ್ತಿಗೆ ದೇಶದ ಅತಿ ದೊಡ್ಡ ಕೊರಕಲು ಸೀಮೆಯಾಗಿರಬೇಕಿತ್ತು. ಅಲ್ಲಿನ ರೈತನ ಕಷ್ಟ ಬೇರೆಯದು: ನೆಲ ಕೊಚ್ಚಿಹೋಗುವುದಕ್ಕಿಂತ ಹೆಚ್ಚಾಗಿ ಅದು ನೀರಲ್ಲಿ ಮುಳುಗುತ್ತದೆ, ಮರಳು-ಹೂಳಿನಡಿ ಹೂತುಹೋಗುತ್ತದೆ. ಹಾಗಾದರೆ ಎರಡು ಕಡೆಯ ನಡುವೆ ಬದಲಾದದ್ದು ಏನು?

ಬದಲಾದದ್ದು ತಳ. ಭಾರತದ ಭೂಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ವೇಗದಲ್ಲಿ ಉತ್ತರಕ್ಕೆ ಸರಿಯುತ್ತಿದೆ. ಅದರಲ್ಲಿ 2 ಸೆಂಟಿಮೀಟರಿನಷ್ಟು ಹಿಮಾಲಯದ ತಪ್ಪಲಲ್ಲೇ ಅಡಕವಾಗುತ್ತದೆ. ಈ ಫಲಕದ ಉತ್ತರದ ಅಂಚಿನ ಮೇಲೆ ಇಡೀ ಹಿಮಾಲಯದ ಭಾರ ಕೂತಿದೆ. ನೀರ ಮೇಲೆ ತೇಲುವ ಉದ್ದನೆಯ ಹಲಗೆಯ ಒಂದು ತುದಿಗೆ ಭಾರ ಹೇರಿದರೆ ಆ ತುದಿ ಮುಳುಗುತ್ತದೆ. ಭಾರದಿಂದ ತುಸು ದೂರದಲ್ಲಿ ಹಲಗೆ ಅಷ್ಟಿಷ್ಟು ಉಬ್ಬುತ್ತದೆ. ಭೂಫಲಕಕ್ಕೂ ಆಗಿರುವುದು ಇದೇ. ಮುಳುಗಿದ ಭಾಗ ಗಂಗಾ ಬಯಲಿನ ತಗ್ಗು. ಹಿಮಾಲಯದ ಬುಡದಲ್ಲಿ ಈ ತಗ್ಗು ಕಿಲೋಮೀಟರುಗಟ್ಟಲೆ ಆಳವಿದ್ದು ಅಲ್ಲಿ ಅಷ್ಟೂ ದಪ್ಪ ಹೂಳು ತುಂಬಿದೆ. ದಕ್ಷಿಣಕ್ಕೆ ಬಂದಂತೆ ಮೆಕ್ಕಲಿನ ಪದರ ತೆಳುವಾಗುತ್ತ ಕೊನೆಗೆ ಬುಂದೇಲಖಂಡದ ಗ್ರಾನೈಟ್, ವಿಂಧ್ಯದ ಮರಳುಗಲ್ಲು ಬಯಲಿಗೆ ಬರುತ್ತವೆ. ಇನ್ನೂ ಆಚೆ, ಮಧ್ಯ ಭಾರತದ ಅಡಿಯಲ್ಲಿ, ಫಲಕ ಮೇಲಕ್ಕೆ ಉಬ್ಬಿದೆ. ಈ ಉಬ್ಬು ನೆಲದ ಎತ್ತರದಲ್ಲೂ ಗುರುತ್ವದ ಅಳತೆಗಳಲ್ಲೂ ಕಾಣುತ್ತದೆಂದು ರೋಜರ್ ಬಿಲಮ್ ಮತ್ತು ಸಂಗಡಿಗರು 2003ರಲ್ಲಿ ಲೆಕ್ಕಹಾಕಿ ತೋರಿಸಿದ್ದರು.

ಕೋಸಿ ಹರಿಯುವುದು ಇಳಿಯುತ್ತಿರುವ ತಗ್ಗಿನ ಮೇಲೆ. ಅದು ಎಷ್ಟು ಹೂಳು ಸುರಿದರೂ ತಗ್ಗು ಮತ್ತಷ್ಟನ್ನು ಕೇಳುತ್ತದೆ. ಚಂಬಲ್ ಹರಿಯುವುದು ಉಬ್ಬಿನ ಉತ್ತರದ ಇಳಿಜಾರಿನಲ್ಲಿ, ಮೆಕ್ಕಲಿನ ಪದರ ಅಂಚುಗಟ್ಟುವ ಜಾಗದಲ್ಲಿ. ತುಂಬಿಸಲು ಅಲ್ಲಿ ತಗ್ಗಿಲ್ಲ. ನೆಲ ಮೇಲೇಳುವ ಕಡೆ ಅಥವಾ ಮುಂದಿನ ನದಿಯ ಮಟ್ಟ ಕೆಳಗಿಳಿಯುವ ಕಡೆ ನೀರಿಗೆ ಕೊರೆಯದೆ ಬೇರೆ ದಾರಿಯಿರುವುದಿಲ್ಲ.

ಇದಕ್ಕೆ ಇನ್ನೊಂದು ಸಂಗತಿಯೂ ಸೇರುತ್ತದೆ. ನನಗಂತೂ ಇದು ಇಡೀ ಪ್ರಶ್ನೆಯ ಜೀವಾಳ. ಚಂಬಲ್ ಹುಟ್ಟುವುದು ಇಂದೋರ್ ಬಳಿಯ ಮ್ಹೌ ಸಮೀಪದ ಜಾನಾಪಾವ್ ಬೆಟ್ಟದಲ್ಲಿ. ಮಾಲ್ವಾದ ಬಸಾಲ್ಟ್ ಪ್ರಸ್ಥಭೂಮಿಯ ಮೇಲೆ ಉತ್ತರಾಭಿಮುಖವಾಗಿ ಹರಿದು, ವಿಂಧ್ಯದ ಮರಳುಗಲ್ಲಿನ ಕಡಿದಾದ ಕಂದರ ದಾಟಿ ಕೋಟಾ ತಲುಪುತ್ತದೆ. ನೂರು ಕೋಟಿ ವರ್ಷದ ಆಸುಪಾಸಿನ ಈ ಕಲ್ಲು ಸುಲಭಕ್ಕೆ ಸವೆಯುವುದಿಲ್ಲ. ಹಾಗಾಗಿ ಹಿಮಾಲಯದ ನದಿಗಳಿಗೆ ಹೋಲಿಸಿದರೆ ಚಂಬಲ್ ಹೊತ್ತು ತರುವ ಹೂಳು ಬಹಳ ಕಡಿಮೆ. ಹೊರೆಯಿಲ್ಲದ ನೀರಿಗೆ ಕೊರೆಯುವ ಬಲ ಹೆಚ್ಚು. ಕೋಟಾದಿಂದ ಕೆಳಗೆ ಮೆತ್ತನೆಯ ಮೆಕ್ಕಲು ಸಿಕ್ಕ ಕೂಡಲೇ ನದಿ ತನ್ನ ಪಾಲಿನ ಮಣ್ಣನ್ನು ಅಲ್ಲಿಂದ ಎತ್ತಿಕೊಳ್ಳತೊಡಗುತ್ತದೆ. ಗಂಗಾ ಬಯಲಿನ ಪಶ್ಚಿಮದ ನದಿಗಳು ಕೊರೆಯುತ್ತವೆ, ಪೂರ್ವದವು ತುಂಬುತ್ತವೆ ಎಂಬ ಈ ವ್ಯತ್ಯಾಸವನ್ನು ಕಾನ್ಪುರ ಐಐಟಿಯ ರಾಜೀವ್ ಸಿನ್ಹಾ ಮತ್ತು ಅವರ ಸಹೋದ್ಯೋಗಿಗಳು ವಿವರವಾಗಿ ಅಧ್ಯಯನ ಮಾಡಿದ್ದಾರೆ. ನೀರಿನ ಬಲ ಎಷ್ಟು, ಹೂಳಿನ ಹೊರೆ ಎಷ್ಟು ಎಂಬ ಎರಡು ಲೆಕ್ಕಗಳು ಅವರ ವಿವರಣೆಯ ಕೇಂದ್ರ. ಆ ಎರಡೂ ಲೆಕ್ಕಗಳ ಹಿಂದೆ, ನದಿ ಯಾವ ಕಲ್ಲಿನಿಂದ ಇಳಿದು ಬಂತು, ಯಾವ ತಳದ ಮೇಲೆ ಹರಿಯುತ್ತಿದೆ ಎಂಬ ಪ್ರಶ್ನೆಯೇ ಕೂತಿದೆ.

ಕೋಟಾದ ನಂತರ ಚಂಬಲ್ ಈಶಾನ್ಯಕ್ಕೆ ತಿರುಗುತ್ತದೆ. ಈ ತಿರುವೂ ಆಕಸ್ಮಿಕವಲ್ಲ. ಅರಾವಳಿಯ ಹಳೆಯ ಶಿಲೆಗಳೂ ವಿಂಧ್ಯದ ಪದರಗಳೂ ಸಂಧಿಸುವ ಕಡೆ ಚಿತ್ತೋಡಗಢ, ಬುಂದಿ, ಸವಾಯಿ ಮಾಧೋಪುರಗಳ ಮೂಲಕ ಈಶಾನ್ಯಾಭಿಮುಖವಾಗಿ ಒಂದು ಮಹಾ ಸ್ತರಭಂಗ ಹಾದುಹೋಗಿದೆ. ಭೂವಿಜ್ಞಾನಿಗಳು ಇದನ್ನು ಗ್ರೇಟ್ ಬೌಂಡರಿ ಫಾಲ್ಟ್ ಎನ್ನುತ್ತಾರೆ. ರಣಥಂಬೋರಿನ ಹುಲಿ ಕಾಡು ಇರುವುದು ಈ ಸಂಧಿಯ ಮೇಲೆಯೇ. ನದಿಯ ಕೆಳದಾರಿ ಹೆಚ್ಚುಕಡಿಮೆ ಇದಕ್ಕೆ ಸಮಾನಾಂತರವಾಗಿದೆ. ಮೇಲೆ ನಿಂತು ನೋಡುವವರಿಗೆ ಹರಡಿಕೊಂಡ ಅಡ್ಡಾದಿಡ್ಡಿ ಕೊರಕಲುಗಳಷ್ಟೇ ಕಾಣುತ್ತವೆ. ಅವೆಲ್ಲ ಬಂದು ಸೇರುವ ಮೂಲ ಗೆರೆಯನ್ನು ಎಳೆದದ್ದು ಭೂಮಿಯ ಹಳೆಯ ಬಿರುಕು.

ಒಂದು ಕೊರಕಲು ಬೆಳೆಯುವ ಬಗೆಯನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಪರಿಹಾರದ ಬಗ್ಗೆ ಮಾತಾಡುವವರು ಎಡವುವುದು ಇಲ್ಲೇ. ಮಣ್ಣಿನ ಸವಕಳಿ ಎಂದ ಕೂಡಲೇ ಮಳೆಹನಿ ಬಿದ್ದು, ಮೇಲ್ಮಣ್ಣು ತೊಳೆದು, ನೀರು ಮೇಲಿನಿಂದ ಕೆಳಕ್ಕೆ ಹರಿಯುವ ಚಿತ್ರ ನಮ್ಮ ಮನಸ್ಸಿಗೆ ಬರುತ್ತದೆ. ನೀರು ಮೇಲಿನಿಂದ ಕೆಳಕ್ಕೇ ಹರಿಯುತ್ತದೆ. ಆದರೆ ಕೊರಕಲು ಬೆಳೆಯುವುದು ಕೆಳಗಿನಿಂದ ಮೇಲಕ್ಕೆ. ದೊಡ್ಡ ನದಿಯ ತಳ ಇಳಿದರೆ, ಅದನ್ನು ಸೇರುವ ಹಳ್ಳದ ಬಾಯಲ್ಲಿ ಒಂದು ಮೆಟ್ಟಿಲು ಹುಟ್ಟುತ್ತದೆ. ನೀರು ಆ ಮೆಟ್ಟಿಲಿನಿಂದ ಧುಮುಕುವಾಗ ಬುಡವನ್ನು ಕೆದಕುತ್ತದೆ, ಗೋಡೆ ಕುಸಿಯುತ್ತದೆ, ಮೆಟ್ಟಿಲು ಒಂದಿಷ್ಟು ಹಿಂದಕ್ಕೆ ಸರಿಯುತ್ತದೆ. ಹೀಗೆ ಮಳೆಗಾಲದಿಂದ ಮಳೆಗಾಲಕ್ಕೆ ಮೆಟ್ಟಿಲು ಊರ ಕಡೆಗೆ ನಡೆದು ಬರುತ್ತದೆ. ದಾರಿಯಲ್ಲಿ ಸಿಕ್ಕ ಪ್ರತಿ ಮರಿಹಳ್ಳದ ಬಾಯಲ್ಲೂ ಹೊಸ ಮೆಟ್ಟಿಲೊಂದನ್ನು ಹುಟ್ಟಿಸುತ್ತದೆ. ಯಮುನೆ ಇಳಿದದ್ದು ಚಂಬಲ್‌ಗೆ ತಿಳಿಯುತ್ತದೆ, ಚಂಬಲ್ ಇಳಿದದ್ದು ಅದನ್ನು ಸೇರುವ ಸಣ್ಣ ತೊರೆಗೆ, ತೊರೆ ಇಳಿದದ್ದು ಊರ ಹಿಂದಿನ ಹಳ್ಳಕ್ಕೆ. ಎಷ್ಟೋ ಸಾವಿರ ವರ್ಷಗಳ ಹಿಂದೆ ನದಿಯಲ್ಲಿ ಆದ ಇಳಿತದ ಸುದ್ದಿ ಇವತ್ತು ಒಬ್ಬ ರೈತನ ಕಡಲೆ ಹೊಲದ ಅಂಚನ್ನು ಮುಟ್ಟುತ್ತಿರಬಹುದು.

ಮಣ್ಣಿನ ಗುಣವೂ ಇದಕ್ಕೆ ಒದಗಿ ಬರುತ್ತದೆ. ಚಂಬಲ್ ದಂಡೆಯ ಮೆಕ್ಕಲಿನಲ್ಲಿ ನಯವಾದ ಪುಡಿಮಣ್ಣು ಹೆಚ್ಚು. ನಡುನಡುವೆ ಸುಣ್ಣದ ಗಂಟುಗಳ ಪದರಗಳು, ಅಲ್ಲಿಯವರ ಬಾಯಲ್ಲಿ ಕಂಕರ್. ಒಣಗಿದಾಗ ಈ ಮಣ್ಣು ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. ನೆನೆದಾಗ ಕರಗಿ ಜಾರುತ್ತದೆ. ಬಿರುಕುಗಳಲ್ಲಿ ಇಳಿದ ನೀರು ಒಳಗೊಳಗೇ ಸುರಂಗ ಕೊರೆದು, ಒಂದು ದಿನ ಮೇಲ್ಚಾವಣಿ ಕುಸಿದಾಗ ಅಲ್ಲೊಂದು ಹೊಸ ಕೊರಕಲು ತೆರೆದುಕೊಳ್ಳುತ್ತದೆ. ಮೇಲೆ ಹುಲ್ಲು ಚೆನ್ನಾಗಿಯೇ ಬೆಳೆದಿರಬಹುದು, ಬದು ಗಟ್ಟಿಯಾಗಿಯೇ ಇರಬಹುದು. ಕೆಳಗಿನ ಸುರಂಗಕ್ಕೆ ಅದರ ಹಂಗಿಲ್ಲ.

ಚಂಬಲ್ ಡಕಾಯಿತರ ಕಥೆಗಳನ್ನು ಕೇಳಿ ಬೆಳೆದ ನಮ್ಮ ತಲೆಮಾರುಗಳ ಮನಸ್ಸಿನಲ್ಲಿ ಆ ಸೀಮೆಯ ರೂಪ ಬೇರೆಯೇ ಇದೆ. 1975ರ ‘ಶೋಲೆ’ ಚಿತ್ರದ ಡಾಕುಗಳ ಬಂಡೆಗಳು ನಮ್ಮದೇ ರಾಮನಗರದವು. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಅದು. ನಿಜವಾದ ಡಾಕುಗಳನ್ನು ಬಚ್ಚಿಟ್ಟದ್ದು ಬಂಡೆಯಲ್ಲ, ಮಣ್ಣು. ರಾಮನಗರದಲ್ಲಿ ಯಾಕೆ ಬೀಹಡ ಹುಟ್ಟಲಿಲ್ಲ ಎಂಬ ಪ್ರಶ್ನೆಗೆ ಉತ್ತರವೂ ನೆಲದಡಿಯ ರಚನೆಯಲ್ಲೇ ಇದೆ. ಕರ್ನಾಟಕದ ಪ್ರಸ್ಥಭೂಮಿ ಭೂಮಿಯ ಅತಿ ಹಳೆಯ, ಗಟ್ಟಿಗೊಂಡ ತುಣುಕುಗಳಲ್ಲಿ ಒಂದು. ಇಲ್ಲಿನ ಶಿಲೆ ಸವೆಯುವ ವೇಗವನ್ನು ದಶಲಕ್ಷ ವರ್ಷಕ್ಕೆ ಇಷ್ಟು ಮೀಟರ್ ಎಂದು ಎಣಿಸುತ್ತಾರೆ. ಬದಲಾಗಿ ತೈವಾನಿನ ನೈಋತ್ಯ ಭಾಗವನ್ನು ನೋಡಿ. 2003ರಲ್ಲಿ ಸೈಮನ್ ಡ್ಯಾಡ್ಸನ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೆಕ್ಕದಂತೆ ಅಲ್ಲಿ ಸವಕಳಿ ವರ್ಷಕ್ಕೆ 60 ಮಿಲಿಮೀಟರ್ ತನಕ ಹೋಗುತ್ತದೆ. ಆ ಜಾಗದ ವಿಶೇಷವೆಂದರೆ ಸಕ್ರಿಯ ಸ್ತರಭಂಗಗಳು ಇನ್ನೂ ಸರಿಯಾಗಿ ಗಟ್ಟಿಯಾಗದ ಕೆಸರುಶಿಲೆಯನ್ನು ಎತ್ತಿ ಹಿಡಿದಿರುವುದು. ಬೋಳು ಬೂದುಬಣ್ಣದ ಆ ಗುಡ್ಡಗಳನ್ನು ಅಲ್ಲಿಯವರು ಚಂದ್ರಲೋಕ ಎಂದು ಕರೆದು ಪ್ರವಾಸಿಗರಿಗೆ ತೋರಿಸುತ್ತಾರೆ.

ಆ ಅಧ್ಯಯನದಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಇನ್ನೊಂದು ಅಂಶ. ತೈವಾನಿನ ಯಾವ ಭಾಗದಲ್ಲಿ ಭೂಕಂಪಗಳ ಒಟ್ಟು ಬಲ ಹೆಚ್ಚೋ, ಯಾವ ಭಾಗದಲ್ಲಿ ಚಂಡಮಾರುತದ ನೆರೆಗಳ ಏರಿಳಿತ ಹೆಚ್ಚೋ ಅಲ್ಲಿ ಸವಕಳಿಯೂ ಹೆಚ್ಚಾಗಿ ಕಂಡಿತು. ಎಂದರೆ ಭೂಮಿಯ ಒಳಚಲನೆ ನೆಲವನ್ನು ಎತ್ತರಕ್ಕೆ ಎತ್ತಿ ಸುಮ್ಮನಾಗುವುದಿಲ್ಲ. ಎತ್ತುವಾಗಲೇ ಅದನ್ನು ಒಡೆದೂ ಇಡುತ್ತದೆ. ಪೀಟರ್ ಮೋಲ್ನಾರ್, ರಾಬರ್ಟ್ ಆಂಡರ್ಸನ್ ಮತ್ತು ಸುಝಾನ್ ಆಂಡರ್ಸನ್ 2007ರಲ್ಲಿ ಇದನ್ನೇ ವಾದವಾಗಿ ಮುಂದಿಟ್ಟರು: ಸವಕಳಿಗೆ ಭೂಫಲಕಗಳು ಮಾಡುವ ದೊಡ್ಡ ಉಪಕಾರ ಎತ್ತುವುದಕ್ಕಿಂತ ಮುರಿಯುವುದರಲ್ಲಿದೆ. ಬಿರುಕು ಬಿಟ್ಟ ಶಿಲೆಯೊಳಗೆ ನೀರು ಇಳಿಯುತ್ತದೆ, ತುಂಡುಗಳು ಸಡಿಲಗೊಳ್ಳುತ್ತವೆ, ನದಿಗೆ ಹೊತ್ತುಕೊಂಡು ಹೋಗುವುದಷ್ಟೇ ಬಾಕಿ. ಇಟಲಿಯ ಬಸಿಲಿಕಾಟಾ ಪ್ರಾಂತದ ಅಲಿಯಾನೊ ಊರಿನ ಸುತ್ತ ಇರುವ ಕೊರಕಲುಗಳನ್ನು ಅಭ್ಯಸಿಸಿದವರೂ ಜೇಡಿಯೊಳಗಿನ ಬಿರುಕುಗಳ ದಿಕ್ಕಿಗೂ ಕೊರಕಲುಗಳ ದಿಕ್ಕಿಗೂ ನಂಟು ಕಂಡಿದ್ದಾರೆ. ಫ್ಯಾಸಿಸ್ಟ್ ಸರ್ಕಾರ ಲೇಖಕ ಕಾರ್ಲೊ ಲೆವಿಯನ್ನು 1935ರಲ್ಲಿ ಗಡೀಪಾರು ಮಾಡಿ ಇರಿಸಿದ್ದು ಆ ಸೀಮೆಯಲ್ಲೇ. ಅಲ್ಲಿನ ಜೇಡಿ ಒಂದು ಕಾಲಕ್ಕೆ ಸಮುದ್ರದ ತಳದಲ್ಲಿತ್ತು. ದಕ್ಷಿಣ ಇಟಲಿಯ ನೆಲ ಮೇಲೆದ್ದಂತೆ ಅದೂ ನೂರಾರು ಮೀಟರ್ ಮೇಲೆದ್ದು, ಮಳೆಗೆ ಮೈಯೊಡ್ಡಿ ನಿಂತಿತು.

ನನ್ನ ವಾದಕ್ಕೆ ಇರುವ ಆಕ್ಷೇಪಗಳನ್ನು ಇಲ್ಲಿ ಎದುರಿಸಬೇಕು. ಮೊದಲನೆಯದು ಗಟ್ಟಿಯಾದದ್ದು. ಅಮೆರಿಕದ ಭೂರೂಪ ವಿಜ್ಞಾನಿ ಸ್ಟ್ಯಾನ್ಲಿ ಶುಮ್ 1956ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದಲ್ಲಿ ಇಂದಿಗೂ ಮೂಲಪಾಠ. ಆತ ಅಳೆದದ್ದು ನ್ಯೂಜೆರ್ಸಿಯ ಪರ್ತ್ ಆಂಬೊಯ್‌ನಲ್ಲಿ ಜೇಡಿಮಣ್ಣಿನ ಗಣಿಯವರು ಸುರಿದ ಗುಡ್ಡೆಯ ಮೇಲೆ ಮೂಡಿದ ಪುಟ್ಟ ಕೊರಕಲುಗಳನ್ನು. ಅಲ್ಲಿ ಭೂಫಲಕವೂ ಇಲ್ಲ, ಸ್ತರಭಂಗವೂ ಇಲ್ಲ. ಬೋಳು ಮಣ್ಣು, ಕಡಿದಾದ ಅಂಚು, ಮಳೆ ಇಷ್ಟರಲ್ಲೇ ಕೊರಕಲಿನ ಇಡೀ ಜಾಲ ಹುಟ್ಟಿತು. ಹಾಗಿದ್ದರೆ ಭೂಮಿಯಾಳದ ರಚನೆಯ ಮಾತೇಕೆ? ಪರ್ತ್ ಆಂಬೊಯ್ ನನಗೆ ಕಲಿಸುವುದು ಇದು: ಕೊರಕಲಿಗೆ ಬೇಕಾದ್ದು ಮೆತ್ತನೆಯ ಮಣ್ಣು ಮತ್ತು ಅದರ ಪಕ್ಕದಲ್ಲೇ ತಗ್ಗಾದ ತಳಮಟ್ಟ. ಗಣಿಯ ಗುಡ್ಡೆಯಲ್ಲಿ ಈ ಎರಡನ್ನೂ ಮನುಷ್ಯ ಒದಗಿಸಿದ. ಆದರೆ 60 ಮೀಟರ್ ಆಳದ ತಗ್ಗನ್ನು ನೂರಾರು ಕಿಲೋಮೀಟರ್ ಉದ್ದಕ್ಕೆ ಒದಗಿಸಲು ಯಾವ ಊರಿನ ಕುರಿಮಂದೆಗೂ ಸಾಧ್ಯವಿಲ್ಲ. ಅಷ್ಟು ದೊಡ್ಡ ಅಳತೆಯ ಕೆಲಸ ಮಾಡಬಲ್ಲದ್ದು ಭೂಮಿಯ ಒಳಚಲನೆ ಮತ್ತು ಅದರ ಜೊತೆ ಹವಾಮಾನ.

ಎರಡನೆಯ ಆಕ್ಷೇಪ ಹವಾಮಾನದ್ದೇ. ರಾಜೀವ್ ಸಿನ್ಹಾ, ದೆಹಲಿ ವಿಶ್ವವಿದ್ಯಾಲಯದ ಎಸ್.ಕೆ. ಟಂಡನ್, ಕೆನಡಾದ ಮಾರ್ಟಿನ್ ಗಿಬ್ಲಿಂಗ್ ಮೊದಲಾದವರು ಗಂಗಾ ಬಯಲಿನ ದಕ್ಷಿಣ ಭಾಗದ ಮೆಕ್ಕಲು ಪದರಗಳನ್ನು ಓದಿ, ಹಿಮಯುಗದ ನಂತರ ಮುಂಗಾರು ಬಲಗೊಂಡದ್ದೇ ನದಿಗಳು ಕೆಳಗೆ ಕೊರೆಯಲು ಮುಖ್ಯ ಕಾರಣ ಎಂಬತ್ತ ಒಲಿದಿದ್ದಾರೆ. ಯಮುನೆಯ ಬಲದಂಡೆಯಲ್ಲಿರುವ ಕಾಲ್ಪಿ ಊರಿನ ಎತ್ತರದ ಮಣ್ಣುಗೋಡೆ ಈ ಚರಿತ್ರೆಗೆ ಒಳ್ಳೆಯ ಸಾಕ್ಷಿ. ಅಲ್ಲಿನ ಪದರಗಳಲ್ಲಿ ಸುಮಾರು 45 ಸಾವಿರ ವರ್ಷ ಹಿಂದಿನ ಶಿಲಾಯುಗದ ಮನುಷ್ಯರ ಕುರುಹುಗಳು ಸಿಕ್ಕಿವೆ. ಅಂದು ನದಿಯ ನೆರೆಯ ಮಟ್ಟದಲ್ಲಿದ್ದ ನೆಲ ಇಂದು ನದಿಗಿಂತ ಎಷ್ಟೋ ಮೇಲೆ ನಿಂತಿದೆ. ನದಿ ಆಳಕ್ಕಿಳಿದದ್ದು ಆ ನಂತರದ ಕಥೆ, ಆದರೆ ಬಹುಪಾಲು ನೇಗಿಲಿಗಿಂತ ಹಿಂದಿನ ಕಥೆ. ಹವಾಮಾನವಾದಿಗಳ ಜೊತೆ ನನಗೆ ಜಗಳವಿಲ್ಲ. ಮುಂಗಾರು ಬಲಗೊಂಡಾಗ ಕೊರೆತ ಶುರುವಾಯಿತು ಎಂದರೆ ಒಪ್ಪುತ್ತೇನೆ. ಆದರೆ ಅದೇ ಮುಂಗಾರು ಕೋಸಿಯ ಮೇಲೂ ಬಲಗೊಂಡಿತಲ್ಲ. ಅಲ್ಲಿ ಈ ಕೊರಕಲುಗಳು ಕಾಣುವುದಿಲ್ಲ. ಹವಾಮಾನ ಯಾವಾಗ ಎಂಬುದನ್ನು ವಿವರಿಸುತ್ತದೆ. ಎಲ್ಲಿ ಎಂಬ ಪ್ರಶ್ನೆಗೆ ಮತ್ತೆ ತಳಕ್ಕೇ ಹೋಗಬೇಕು. ಗುಜರಾತಿನ ಮಹಿ ನದಿಯ ಕೊರಕಲುಗಳ ಬಗ್ಗೆ ಬರೋಡಾ ವಿಶ್ವವಿದ್ಯಾಲಯದ ಭೂವಿಜ್ಞಾನಿಗಳು ಬಹುಕಾಲ ಮಾಡಿದ ಕೆಲಸವೂ ಹವಾಮಾನದ ಜೊತೆಗೆ ನೆಲದ ಮೇಲೇಳುವಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಮೂರನೆಯ ಆಕ್ಷೇಪ ನೈತಿಕವಾದದ್ದು, ನನಗೆ ಹೆಚ್ಚು ಮುಖ್ಯವಾದದ್ದು. ಎಲ್ಲವೂ ಭೂಮಿಯ ಆಳದ ಆಟ ಎಂದರೆ ಜನ ಕೈಕಟ್ಟಿ ಕೂರುವುದಿಲ್ಲವೇ? ಕಾಡು ಉಳಿಸಿ ಎನ್ನುವವರ ಮಾತಿಗೆ ಬೆಲೆ ಇಲ್ಲದಂತಾಗುವುದಿಲ್ಲವೇ? ಆಗಬಾರದು. ಚಂಡೀಗಢದ ಸುಖ್ನಾ ಸರೋವರವನ್ನು 1958ರಲ್ಲಿ ಕಟ್ಟಿದರು. ಶಿವಾಲಿಕ್ ಗುಡ್ಡಗಳಿಂದ ಬಂದ ಹೂಳು ಬೇಗನೆ ಅದನ್ನು ತುಂಬತೊಡಗಿತು. ಶಿವಾಲಿಕ್ ಎಂದರೆ ಹಿಮಾಲಯದ ಮುಂಚೂಣಿ: ಇಂದಿಗೂ ಮೇಲೇಳುತ್ತಿರುವ, ಪುಡಿಪುಡಿ ಶಿಲೆಯ ಗುಡ್ಡಸಾಲು. ಆಳದ ರಚನೆಯ ಮಾತು ಎಲ್ಲಾದರೂ ಗೆಲ್ಲಬೇಕಿದ್ದರೆ ಅಲ್ಲಿ. ಆದರೂ 1970ರ ದಶಕದಲ್ಲಿ ಮಣ್ಣು ಸಂರಕ್ಷಣಾ ವಿಜ್ಞಾನಿ ಪಿ.ಆರ್. ಮಿಶ್ರಾ ಸುಖೋಮಾಜ್ರಿ ಎಂಬ ಹಳ್ಳಿಯ ಜನರೊಂದಿಗೆ ಸೇರಿ ಸಣ್ಣ ಮಣ್ಣಿನ ಕಟ್ಟೆ ಕಟ್ಟಿಸಿದರು. ಕಟ್ಟೆಯ ನೀರಿನಲ್ಲಿ ನೆಲವಿಲ್ಲದವರಿಗೂ ಪಾಲು ಕೊಟ್ಟರು. ಪ್ರತಿಯಾಗಿ ಜನ ತಮ್ಮ ದನಕರುಗಳನ್ನು ಗುಡ್ಡದಿಂದ ದೂರ ಇಟ್ಟರು. ಹುಲ್ಲು ಮರಳಿ ಬಂತು, ಆ ಇಳಿಜಾರಿನಿಂದ ಇಳಿಯುವ ಹೂಳು ಗಣನೀಯವಾಗಿ ತಗ್ಗಿತು. ಇಟಾವಾದಲ್ಲಿ 1880ರ ದಶಕದಲ್ಲಿ ಕಲೆಕ್ಟರ್ ಫಿಶರ್ ಸ್ಥಳೀಯ ಜಮೀನ್ದಾರರ ಜೊತೆಗೂಡಿ ಯಮುನೆಯ ಕೊರಕಲುಗಳಲ್ಲಿ ಬೆಳೆಸಿದ ಕಾಡು ಇಂದಿಗೂ ಆತನ ಹೆಸರಿನಲ್ಲೇ ಇದೆ. ಕೊರಕಲು ಬೆಳೆಯುವ ವೇಗ ಮನುಷ್ಯರ ಕೈಯಲ್ಲಿ ದೊಡ್ಡ ಮಟ್ಟಿಗೆ ಇದೆ ಎಂಬುದಕ್ಕೆ ಇವು ಸಾಕ್ಷಿ. ಕೊರಕಲು ಅಲ್ಲಿ ಇರಬೇಕೋ ಬೇಡವೋ ಎಂಬುದು ಮಾತ್ರ ನಮ್ಮ ತೀರ್ಮಾನಕ್ಕೆ ಬಿಟ್ಟದ್ದಲ್ಲ. ಈ ಎರಡರ ನಡುವಿನ ಗೆರೆ ಮಸುಕಾದಾಗಲೇ ತಪ್ಪು ಯೋಜನೆಗಳು ಹುಟ್ಟುವುದು.

ಅಂಥ ಯೋಜನೆಗಳಲ್ಲಿ ಎಲ್ಲರ ಬಾಯಲ್ಲೂ ಬರುವುದು ಸಮತಟ್ಟು ಮಾಡುವುದು. 2020ರ ಜುಲೈನಲ್ಲಿ ಅಂದಿನ ಕೇಂದ್ರ ಕೃಷಿ ಸಚಿವ ನರೇಂದ್ರ ಸಿಂಗ್ ತೋಮರ್ ಗ್ವಾಲಿಯರ್-ಚಂಬಲ್ ಭಾಗದ 3 ಲಕ್ಷ ಹೆಕ್ಟೇರಿಗೂ ಹೆಚ್ಚು ಕೊರಕಲು ನೆಲವನ್ನು ವಿಶ್ವಬ್ಯಾಂಕಿನ ನೆರವಿನಿಂದ ಕೃಷಿಗೆ ತರುವ ಪ್ರಸ್ತಾಪ ಮುಂದಿಟ್ಟರು. ತೋಮರ್ ಆಗ ಮೊರೆನಾದ ಸಂಸದರೂ ಹೌದು. ತಮ್ಮ ಜನರ ನೆಲದ ಹಸಿವನ್ನು ಬಲ್ಲವರು. ಆ ಹಸಿವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕೊರಕಲಿನ ಅಂಚಿನಲ್ಲಿ ಬದುಕುವವರು ತಲೆಮಾರುಗಳಿಂದ ಕೈಯಿಂದ, ಎತ್ತಿನಿಂದ, ಈಗ ಟ್ರ್ಯಾಕ್ಟರಿನಿಂದ ಆಳವಿಲ್ಲದ ಕೊರಕಲುಗಳನ್ನು ತುಂಬಿ ಹೊಲ ಮಾಡಿಕೊಂಡಿದ್ದಾರೆ. ಒಂದೆರಡು ಮೀಟರ್ ಆಳದ ಎಳೆಯ ಕೊರಕಲಿಗೆ ಅದು ಸರಿಯಾದ ಮದ್ದೇ. ಆದರೆ 20-30 ಮೀಟರ್ ಆಳದ ಕೊರಕಲಿನ ದಿಬ್ಬಗಳನ್ನು ಬುಲ್ಡೋಜರಿನಿಂದ ಉರುಳಿಸಿ ತಗ್ಗು ತುಂಬಿದರೆ ಕೆಳಗಿನ ನದಿ ಒಂದಿಂಚೂ ಮೇಲೆ ಬರುವುದಿಲ್ಲ. ತಳಮಟ್ಟ ಇದ್ದಲ್ಲೇ ಇದೆ. ಮೇಲೆ ಮಾತ್ರ ಬೇರು ಹಿಡಿಯದ, ಪದರವಿಲ್ಲದ, ಸಡಿಲ ಮಣ್ಣಿನ ಹೊಸ ಬಯಲು ಹುಟ್ಟಿಕೊಂಡಿದೆ. ಕೊರಕಲಿಗೆ ಇದಕ್ಕಿಂತ ಒಳ್ಳೆಯ ಆಹಾರ ಸಿಗಲಾರದು. ಆಳದಲ್ಲಿದ್ದ ಕಂಕರ್ ಮೇಲೆ ಬಂದು, ಮೇಲಿದ್ದ ಸಾರವಾದ ಮಣ್ಣು ಕೆಳಗೆ ಸೇರಿ ಹೊಲವೂ ಬಡವಾಗುತ್ತದೆ.

ಇದು ಬರಿ ತರ್ಕವಲ್ಲ. ಇಟಲಿಯ ರೈತರು ಯುರೋಪಿನ ಗೋಧಿ ಸಬ್ಸಿಡಿಯ ಆಸೆಗೆ ಬಸಿಲಿಕಾಟಾದ, ಟಸ್ಕನಿಯ ಕೊರಕಲು ಇಳಿಜಾರುಗಳನ್ನು ದಶಕಗಳ ಕಾಲ ಯಂತ್ರಗಳಿಂದ ನಯಗೊಳಿಸಿದರು. ಹಾಗೆ ಮಾಡಿದ ಕಡೆ ಸೋಡಿಯಂ ತುಂಬಿದ, ನೀರು ಬಿದ್ದರೆ ಕದಡಿಹೋಗುವ ಜೇಡಿ ಮೇಲೆ ಬಂದು, ಸುರಂಗಗಳೂ ಕೊರಕಲುಗಳೂ ಮತ್ತೆ ತಲೆಯೆತ್ತಿದ್ದನ್ನು ಸಂಶೋಧಕರು ದಾಖಲಿಸಿದ್ದಾರೆ. ನಮ್ಮಲ್ಲೇ 1980ರ ದಶಕದಲ್ಲಿ ವಿಮಾನದಿಂದ ಚಂಬಲ್ ಕೊರಕಲುಗಳ ಮೇಲೆ ಬೀಜ ಎರಚಲಾಯಿತು. ಎದ್ದು ಬಂದದ್ದು ಹೆಚ್ಚಾಗಿ ಬಳ್ಳಾರಿ ಜಾಲಿ. ಅದು ಸೌದೆ ಕೊಟ್ಟಿತು, ಮಣ್ಣನ್ನು ಅಷ್ಟಿಷ್ಟು ಹಿಡಿಯಿತು. ಆದರೆ ಹುಲ್ಲನ್ನೂ ಸ್ಥಳೀಯ ಗಿಡಗಳನ್ನೂ ಹಿಂದಕ್ಕೆ ತಳ್ಳಿತು. ಬಳ್ಳಾರಿ, ರಾಯಚೂರು ಸೀಮೆಯ ಓದುಗರಿಗೆ ಈ ಮುಳ್ಳುಗಂಟಿಯ ಪರಿಚಯ ಮಾಡಿಕೊಡಬೇಕಿಲ್ಲ.

ಸಮತಟ್ಟಿನ ಯೋಜನೆಯಲ್ಲಿ ಸೋಲುವುದು ನದಿಯೂ ಹೌದು. ಘರಿಯಾಲ್ ಮೊಸಳೆಗೆ ಈ ಭೂಮಿಯ ಮೇಲೆ ಉಳಿದಿರುವ ಅತಿ ದೊಡ್ಡ ನೆಲೆ ಚಂಬಲ್. ಅದಕ್ಕಾಗಿ 1970ರ ದಶಕದ ಕೊನೆಯಲ್ಲಿ ಮೂರು ರಾಜ್ಯಗಳನ್ನು ಸೇರಿಸಿ ಅಭಯಾರಣ್ಯ ಘೋಷಿಸಲಾಯಿತು. ಘರಿಯಾಲ್ ಇಲ್ಲಿ ಉಳಿದದ್ದು ಯಾಕೆ? ನೀರು ತಿಳಿಯಾಗಿದೆ, ದಂಡೆ ಉಳುಮೆಗೆ ಒದಗದಷ್ಟು ಒರಟಾಗಿದೆ, ಕಾರ್ಖಾನೆಯಾಗಲಿ ದೊಡ್ಡ ಊರಾಗಲಿ ಕೊರಕಲು ದಾಟಿ ನದಿಯ ಬಳಿ ಬರಲಿಲ್ಲ. ಯಾವ ರಚನೆ ರೈತನ ಹೊಲ ಕಸಿಯಿತೋ ಅದೇ ರಚನೆ ಗಂಗಾ ವ್ಯವಸ್ಥೆಯ ಅತಿ ಶುದ್ಧ ನದಿಗಳಲ್ಲಿ ಒಂದನ್ನು ಕಾಪಾಡಿಕೊಂಡು ಬಂತು. ಲಕ್ಷಾಂತರ ಹೆಕ್ಟೇರಿನ ಸಡಿಲ ಮಣ್ಣು ಮಳೆಗಾಲದಲ್ಲಿ ಆ ನದಿಗೆ ಇಳಿದರೆ ಏನಾದೀತು ಎಂಬುದನ್ನು ಯಾವ ಸಮತಟ್ಟು ಯೋಜನೆಯೂ ಮೊದಲು ಹೇಳಬೇಕು.

ಹಾಗಾದರೆ ಮಾಡಬೇಕಾದ್ದೇನು? ಕೋಟಾ, ಆಗ್ರಾ, ವಾಸದ್‌ಗಳ ಮಣ್ಣು ಸಂರಕ್ಷಣಾ ಸಂಶೋಧನಾ ಕೇಂದ್ರಗಳು 1950ರ ದಶಕದಿಂದ ಈ ಕೊರಕಲುಗಳ ನಡುವೆಯೇ ಕೆಲಸ ಮಾಡಿ ಕಂಡುಕೊಂಡದ್ದರಲ್ಲಿ ಹೆಚ್ಚಿನದು ಸರಳ. ಕೊರಕಲಿನ ತಲೆ ಎಲ್ಲಿದೆಯೋ ಅಲ್ಲಿ ನೀರನ್ನು ತಡೆದು ಸುತ್ತುಬದು ಹಾಕಬೇಕು. ಮೆಟ್ಟಿಲು ಮುಂದೆ ಬರದಂತೆ ಅಲ್ಲೊಂದು ಕಲ್ಲಿನ ಇಳಿಗಾಲುವೆ ಕಟ್ಟಬೇಕು. ಕೊರಕಲಿನೊಳಗೆ ಸಣ್ಣ ಸಣ್ಣ ತಡೆಗಳನ್ನು ಕಟ್ಟಿ ತಳಮಟ್ಟವನ್ನು ಸ್ಥಳೀಯವಾಗಿ ತುಸು ಎತ್ತರಿಸಬೇಕು. ಆಳದ ಕೊರಕಲುಗಳನ್ನು ಹುಲ್ಲಿಗೂ ಬಿದಿರಿಗೂ ಮರಗಳಿಗೂ ಬಿಡಬೇಕು. ಇವುಗಳಲ್ಲಿ ಉದ್ಘಾಟನೆಗೆ ಯೋಗ್ಯವಾದ ದೃಶ್ಯವಿಲ್ಲ, ಫಲ ಬರಲು ಹತ್ತಾರು ವರ್ಷ ಬೇಕು. ಆದರೆ ಇವು ಕೊರಕಲು ಬೆಳೆಯುವ ದಿಕ್ಕನ್ನು ತಿಳಿದುಕೊಂಡು ಮಾಡುವ ಕೆಲಸಗಳು.

ಇದಕ್ಕಿಂತ ತುರ್ತಾದದ್ದು ಹೊಣೆಯ ಪ್ರಶ್ನೆ. ನಾವು ಮೊರೆನಾದ ರೈತನನ್ನು ಅವನ ನೆಲ ಹಾಳಾದದ್ದಕ್ಕೆ ಅವನೇ ಕಾರಣ ಎಂಬಂತೆ ನೋಡುತ್ತ ಬಂದಿದ್ದೇವೆ. ಕೋಸಿ ಉಕ್ಕಿ ಸುಪೌಲಿನ ರೈತನ ಬೆಳೆ ಮುಳುಗಿದರೆ ಅದು ಪ್ರಕೃತಿ ವಿಕೋಪ. ಪರಿಹಾರ ಸಾಲದಿರಬಹುದು, ತಡವಾಗಬಹುದು. ಆದರೆ ಪರಿಹಾರ ಕೇಳುವ ಹಕ್ಕು ಅವನಿಗಿದೆ. ಕೇಂದ್ರ ಸರ್ಕಾರ ಅಧಿಸೂಚಿಸಿದ ವಿಪತ್ತುಗಳ ಪಟ್ಟಿಯಲ್ಲಿ ಪ್ರವಾಹ, ಬರ, ಭೂಕುಸಿತ, ಆಲಿಕಲ್ಲು ಮಳೆ, ಕೀಟದಾಳಿ, ಶೀತಗಾಳಿ ಇವೆ. ಕೊರಕಲು ಇಲ್ಲ. ಒಂದು ಮಳೆಗಾಲದಲ್ಲಿ ಅರ್ಧ ಎಕರೆ ಕುಸಿದುಹೋದ ಮೊರೆನಾದ ರೈತ ಹೇಳಿಕೊಳ್ಳಬಹುದಾದ ವಿಪತ್ತಿನ ಹೆಸರೇ ಪಟ್ಟಿಯಲ್ಲಿಲ್ಲ. ಬೆಳೆ ಕಳೆದುಕೊಂಡವನಿಗೆ ಮುಂದಿನ ವರ್ಷ ನೆಲವಾದರೂ ಇರುತ್ತದೆ; ಇವನಿಗೆ ಅದೂ ಇಲ್ಲ. ಹಿಮಾಲಯದ ಭಾರಕ್ಕೆ ಬಗ್ಗಿದ ಒಂದೇ ಭೂಫಲಕ ಒಬ್ಬನ ಹೊಲವನ್ನು ಮುಳುಗಿಸುತ್ತಿದೆ, ಇನ್ನೊಬ್ಬನದನ್ನು ಸೀಳುತ್ತಿದೆ. ಒಬ್ಬನನ್ನು ಸಂತ್ರಸ್ತ ಎಂದು, ಇನ್ನೊಬ್ಬನನ್ನು ಅಜಾಗರೂಕ ಎಂದು ಕರೆಯಲು ನೆಲದ ವಿಜ್ಞಾನದಲ್ಲಿ ಆಧಾರವಿಲ್ಲ. ಕೊರಕಲಿನಲ್ಲಿ ಕಳೆದುಹೋದ ಕೃಷಿಭೂಮಿಯನ್ನು ವಿಪತ್ತಿನ ನಷ್ಟವೆಂದು ಎಣಿಸಿ, ಗ್ರಾಮವಾರು ಅಳೆದು, ಬದಲಿ ನೆಲವನ್ನೋ ಹಣವನ್ನೋ ಕೊಡುವ ನಿಯಮ ಬರಬೇಕು. ಬುಲ್ಡೋಜರಿಗೆ ಮೀಸಲಿಡುವ ಹಣದ ಒಂದು ಪಾಲು ಮೊದಲು ಅಲ್ಲಿಗೆ ಹೋಗಬೇಕು.